ಮಿಲ್ಲಿನ ಕೊಟ್ರಬಸಪ್ಪನವರು ನರ್ಸಿಂಗ್ ಓದಿದ್ದು

ನಿವೃತ್ತಿಯ ದಿನ ನನಗೆ ಹಾರ ಹಾಕಿದ ಹೊಸ ಹುಡುಗಿಯೊಬ್ಬಳು, "ಸರ್, ಇಷ್ಟು ವರ್ಷ ಇಲ್ಲಿ ನಿಮ್ಮ ಕೆಲಸ ಏನಿತ್ತು?" ಎಂದು ಕೇಳಿದಳು. "ದೊಡ್ಡ ಮನುಷ್ಯರಿಗೆ ಆಟ ಆಡಿಸೋದು" ಎಂದೆ. ಅವಳು ಬಿದ್ದು ಬಿದ್ದು ನಕ್ಕಳು. ನನ್ನ ಹಣೆಬರಹವೇ ಹೀಗೆ. ನಾನು ನಿಜ ಹೇಳಿದಾಗಲೆಲ್ಲ ಜನ ನಗುತ್ತಾರೆ, ಜೋಕು ಹೇಳಿದಾಗ ಗಂಭೀರವಾಗಿ ತಲೆಯಾಡಿಸುತ್ತಾರೆ. ಇನ್ನು ಮುಂದೆ ಈ ಕೆಲಸ ಮಾಡಬೇಕಾದವಳು ಅವಳೇ ಆದ್ದರಿಂದ, ಅವಳು ನಗು ಮುಗಿಸಿದ ಮೇಲೆ ಓದಿಕೊಳ್ಳಲಿ ಎಂದು ಇದನ್ನು ಬರೆದಿಡುತ್ತಿದ್ದೇನೆ.

ತೊಂಬತ್ತರ ದಶಕದ ಕೊನೆಯ ಮಾತು. ಕೂಡ್ಲಿಗಿಯ ಬಸ್‌ಸ್ಟ್ಯಾಂಡಿನ ಹಿಂದೆ, ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ನಮ್ಮ ಸಂಸ್ಥೆ ಇತ್ತು. ದಾನ ಕೊಡುವವರಿಗೂ ದಾನ ಬೇಕಾದವರಿಗೂ ನಡುವೆ ಓಡಾಡುವುದು ಅದರ ಕೆಲಸ. ನಮ್ಮ ಕಡೆಯ ದಾನಿಗಳ ಕೈ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರ ಮನಸ್ಸು ಸಂತೆಗೆ ಬಂದ ಮಗುವಿನಂಥದು. ಈ ವರ್ಷ ಶಾಲೆ, ಮುಂದಿನ ವರ್ಷ ನೀರಿನ ತೊಟ್ಟಿ, ಅದರ ಮುಂದಿನ ವರ್ಷ ಗಡಿಯಾರದ ಗೋಪುರ. ಒಂದು ಶಾಲೆಗೆ ಕೊಟ್ಟ ಟ್ಯೂಬ್‌ಲೈಟಿನ ಮೇಲೆ ದಾನಿ ತನ್ನ ಹೆಸರು, ತಂದೆಯ ಹೆಸರು, ಅಂಗಡಿಯ ಹೆಸರು ಎಲ್ಲವನ್ನೂ ಕೆಂಪು ಬಣ್ಣದಲ್ಲಿ ಬರೆಸಿದ್ದರಿಂದ ಬೆಳಕು ಹೊರಗೆ ಬರಲು ಜಾಗವೇ ಉಳಿದಿರಲಿಲ್ಲ. ನಾನು ಕಣ್ಣಾರೆ ಕಂಡದ್ದು.

ನಮ್ಮ ಮೇಲಧಿಕಾರಿ ಸರೋಜಾ ಮೇಡಂ ಮೈಸೂರು ಕಡೆಯವರು. ದಾನಿಗಳಿಗೆ ಭಾಷಣ ಮಾಡಿ ಮಾಡಿ ಅವರ ಗಂಟಲು ಹೋಗಿತ್ತು. ಹತ್ತು ವರ್ಷ ಮುಂದಿನದನ್ನು ಯೋಚಿಸಿ ಎಂದು ಹೇಳಿದರೆ ಯಾರೂ ಯೋಚಿಸುವುದಿಲ್ಲ, ಹತ್ತು ವರ್ಷವನ್ನು ಒಂದೇ ಬೆಳಗಿನಲ್ಲಿ ಆಟವಾಗಿ ಆಡಿಸಿದರೆ ಮೈಗೆ ಹತ್ತುತ್ತದೆ ಎಂಬುದು ಅವರ ನಂಬಿಕೆ. ಅದಕ್ಕೆ ಒಬ್ಬ ಆಟ ಆಡಿಸುವವ ಬೇಕಿತ್ತು.

"ಆಟ ಆಡಿಸಿದ ಅನುಭವ ಇದೆಯಾ?" ಎಂದು ಸಂದರ್ಶನದಲ್ಲಿ ಕೇಳಿದರು.

"ಭಾಳ ಐತ್ರಿ ಮೇಡಂ" ಎಂದೆ. ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಚೌಕಾಬಾರದಲ್ಲಿ ಕವಡೆ ತಿರುಗಿಸಿ ಮೋಸ ಮಾಡಿ, ಹಣ್ಣಿನ ಗಾಡಿಯವನಿಂದ ಒದೆ ತಿಂದದ್ದೇ ಆ ಅನುಭವ. ಒದೆಯ ಭಾಗವನ್ನು ಹೇಳಲಿಲ್ಲ. ಕೆಲಸ ಸಿಕ್ಕಿತು.

ನನ್ನ ಪಾಲಿಗೆ ಬಂದದ್ದು ಮೂವರು ದಾನಿಗಳು ಸೇರಿ ಕಟ್ಟಿದ ಒಂದು ಟ್ರಸ್ಟು. ಕೊಟ್ಟೂರಿನ ಶೇಂಗಾ ಎಣ್ಣೆ ಮಿಲ್ಲಿನ ಸಾವ್ಕಾರ ಕೊಟ್ರಬಸಪ್ಪನವರು ಅಧ್ಯಕ್ಷರು. ಹಗರಿಬೊಮ್ಮನಹಳ್ಳಿಯಲ್ಲಿ ಲಾರಿ ರಿಪೇರಿ ಶೆಡ್ಡು ಇಟ್ಟುಕೊಂಡಿದ್ದ ಮೆಹಬೂಬ್ ಸಾಬರು ಎರಡನೆಯವರು. ಹಡಗಲಿಯಲ್ಲಿ ಮಲ್ಲಿಗೆ ತೋಟವಿದ್ದ ರುದ್ರಮ್ಮನವರು ಮೂರನೆಯವರು. ಆ ಟ್ರಸ್ಟಿನ ಬಾಗಿಲಲ್ಲಿ ನಿಂತಿದ್ದವಳು ನಾಗಮ್ಮ.

ನಾಗಮ್ಮ ಹರಪನಹಳ್ಳಿ ತಾಲೂಕಿನ ಅರಸೀಕೆರೆಯವಳು. ಹರಪನಹಳ್ಳಿಯಲ್ಲಿ ಬಾಡಿಗೆ ಮನೆಯೊಂದರಲ್ಲಿ ಹಳ್ಳಿ ಹುಡುಗಿಯರಿಗೆ ಹಾಸ್ಟೆಲ್ ನಡೆಸುತ್ತಿದ್ದಳು. ಎಂಟನೇ ತರಗತಿಗೆ ಬಂದ ಹುಡುಗಿಯನ್ನು ನರ್ಸಿಂಗ್ ಮುಗಿಸಿಯೇ ಕಳಿಸಬೇಕು ಎಂಬುದು ಅವಳ ಹಟ. ಅಂದರೆ ಎಂಟು ವರ್ಷ. ಒಮ್ಮೆ ಟ್ರಸ್ಟಿನವರ ಮನಸ್ಸು ನೀರಿನ ತೊಟ್ಟಿಯ ಕಡೆ ಹೊರಳಿದಾಗ, ಹತ್ತನೇ ತರಗತಿಯ ನಡುವಿನಲ್ಲಿ ಇಬ್ಬರನ್ನು ಅವಳು ಊರಿಗೆ ವಾಪಸು ಕಳಿಸಬೇಕಾಗಿ ಬಂದಿತ್ತು.

ನಾನು ಮೊದಲ ಸಲ ಹೋದಾಗ ಅವಳ ಪಡಸಾಲೆಯಲ್ಲಿ ಒಂದು ಹಸಿರು ಟ್ರಂಕು ಇತ್ತು.

"ಯಾರ್ದಬೇ ಇದು?" ಎಂದೆ.

"ಮಾಗಳದ ಹುಲಿಗೆಮ್ಮಂದು. ಅವರವ್ವ ತಂದಿಟ್ಟು ಹೋಗ್ಯಾಳ. ಇನ್ನೂ ಆರು ಹುಡುಗೇರು ಕಾಯಾಕ ಹತ್ಯಾರ. ನಾನ ಕರಕೊಂಡಿಲ್ಲ."

"ಯಾಕ? ಟ್ರಸ್ಟಿನವರು ಈ ವರ್ಷ ಕೊಡ್ತೀವಿ ಅಂದಾರಲ್ಲ."

"ಈ ವರ್ಷ ಕೊಡ್ತಾರಪ್ಪ. ಎಂಟು ವರ್ಷ ಕೊಡ್ತೀವಿ ಅಂತ ಬಾಯಿಬಿಟ್ಟು ಹೇಳ್ಲಿ, ಅವತ್ತ ಬಾಗಲಾ ತೆಗಿತೀನಿ. ತೆರದು ಮುಚ್ಚೋದು ನನ್ನಿಂದ ಇನ್ನೊಮ್ಮೆ ಆಗಂಗಿಲ್ಲ. ಶಾಲಿ ಸುರುವಾಗೋದ್ರಾಗ ಹೇಳ್ಲಿಲ್ಲಂದ್ರ ಟ್ರಂಕು ಮಾಗಳದ ಬಸ್ಸಿಗೆ ಹಾಕ್ತೀನಿ."

ಶಾಲೆ ಶುರುವಾಗಲು ಒಂದು ಬೇಸಿಗೆ ಉಳಿದಿತ್ತು. ಅಷ್ಟರಲ್ಲಿ ನಾನು ಮೂವರಿಗೆ ಎಂಟು ವರ್ಷ ಯೋಚಿಸುವುದನ್ನು ಕಲಿಸಬೇಕು. ನನಗೋ ಮಧ್ಯಾಹ್ನದ ಊಟದ ಆಚೆ ಯೋಚಿಸಿ ಅಭ್ಯಾಸವಿರಲಿಲ್ಲ.

ಮೊದಲ ಆಟ ಹಗರಿಬೊಮ್ಮನಹಳ್ಳಿಯಲ್ಲಿ, ಮೆಹಬೂಬ್ ಸಾಬರ ಶೆಡ್ಡಿನಲ್ಲಿ. ಮೇಡಂ ಎಲ್ಲಿಂದಲೋ ಒಂದು ಪರದೇಶದ ಆಟದ ಪೆಟ್ಟಿಗೆ ತರಿಸಿದ್ದರು. ಅದರಲ್ಲೊಂದು ಬಂದರು, ಹಡಗುಗಳು, ದೀಪಸ್ತಂಭ. ಬಂದರಿನ ಊರು ಮೂವತ್ತು ವರ್ಷದಲ್ಲಿ ಹೇಗೆ ಬೆಳೆಯಬೇಕು ಎಂದು ಆಟಗಾರರು ತೀರ್ಮಾನಿಸಬೇಕು. ನಾನು ಇಡೀ ರಾತ್ರಿ ನಿಯಮ ಬಾಯಿಪಾಠ ಮಾಡಿಕೊಂಡು ಹೋಗಿ, ಲಾರಿಯ ಬಾನೆಟ್ಟಿನ ಮೇಲೆ ಹಲಗೆ ಬಿಡಿಸಿ, ಪುರೋಹಿತರ ಧಾಟಿಯಲ್ಲಿ ಒಪ್ಪಿಸಿದೆ.

ಮೆಹಬೂಬ್ ಸಾಬರು ಒಂದು ಪುಟ್ಟ ಹಡಗನ್ನು ಎತ್ತಿ, ಕನ್ನಡಕ ಏರಿಸಿ, ತಿರುವಿ ತಿರುವಿ ನೋಡಿದರು. "ಪಂಪಾಪತಿ, ಇದಕ್ಕ ಎಂಜಿನ್ ಎಲ್ಲೈತಿ?"

"ಅದು ಆಟದ್ದ್ರಿ ಸಾಬ್ರ."

"ಆಟದ್ದಾದ್ರೇನು, ಎಂಜಿನ್ ಇಲ್ಲದ ಗಾಡಿ ನನ್ನ ಶೆಡ್ಡಿಗೆ ಯಾಕ ತಂದಿ?"

ಕೊಟ್ರಬಸಪ್ಪನವರು ದೀಪಸ್ತಂಭದ ಮೇಲೆ ಯಾರ ಹೆಸರು ಬರೆಸುತ್ತಾರೆ ಎಂದು ಕೇಳಿದರು. ರುದ್ರಮ್ಮನವರು, "ಸಮುದ್ರಾನ ನೋಡಿಲ್ಲಪ್ಪ ನಾವು, ಅದರ ದಂಡಿಗೆ ಮೂವತ್ತು ವರ್ಷ ಏನ್ ಮಾಡೋಣು?" ಎಂದು ಹೂ ಕಟ್ಟಲು ಕುಳಿತರು. ಅಷ್ಟರಲ್ಲಿ ಯಾರೋ ಲಾರಿ ಚಾಲೂ ಮಾಡಿದರು. ಬಾನೆಟ್ಟು ಗಡಗಡ ನಡುಗಿ ಇಡೀ ಬಂದರು, ಹಡಗುಗಳ ಸಮೇತ, ಗ್ರೀಸಿನ ಡಬ್ಬಿಯೊಳಗೆ ಮುಳುಗಿತು. ಮೇಡಂ ತಣ್ಣನೆಯ ದನಿಯಲ್ಲಿ, "ಪಂಪಾಪತಿ, ಇದು ಯೋಜನೇನಾ, ಆಕಸ್ಮಿಕಾನಾ?" ಎಂದರು. ಮುಂದೆ ಅವರ ಕೈಕೆಳಗೆ ಕಳೆದ ಕಾಲವಿಡೀ ನಾನು ಕೇಳಿಸಿಕೊಂಡ ಪ್ರಶ್ನೆ ಇದೇ. "ಯೋಜನೆ ಮೇಡಂ, ಇದು ಚಂಡಮಾರುತದ ಥರ" ಎಂದೇನೋ ಹೇಳಿ ಪಾರಾದೆ ಎಂದು ಬರೆಯಬಹುದು. ನಿಜಕ್ಕೂ ಗ್ರೀಸಿನಲ್ಲಿ ಕೈಯಾಡಿಸಿ ಹಡಗು ಹುಡುಕುತ್ತಿದ್ದೆ.

ಅಂದಿನಿಂದ ಪೆಟ್ಟಿಗೆ ಬಿಟ್ಟೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ನಮ್ಮ ಊರಿನ ಆಟದ ಮನೆಗಳನ್ನೇ ಬರೆದೆ: ಹಾಸ್ಟೆಲ್, ತೊಟ್ಟಿ, ಸಂತೆಕಟ್ಟೆ, ಕಮಾನು. ಕಮಾನು ಬೇಕೇ ಬೇಕಿತ್ತು, ಏಕೆಂದರೆ ಕೊಟ್ಟೂರಿನ ದಾರಿಗೆ ದೊಡ್ಡದೊಂದು ಸ್ವಾಗತ ಕಮಾನು ಕಟ್ಟಿಸಿ ಹೆಸರು ಕೆತ್ತಿಸುವುದು ಕೊಟ್ರಬಸಪ್ಪನವರ ಬಹುದಿನದ ಕನಸು. ಒಂದು ಸುತ್ತು ಎಂದರೆ ಒಂದು ವರ್ಷ. ಕವಡೆ ಹಾಕಿದಷ್ಟು ಕಾಳು ಟ್ರಸ್ಟಿಗೆ ಬರುತ್ತದೆ. ಆ ಕಾಳನ್ನು ಯಾವ ಮನೆಗೆ ಎಷ್ಟು ಇಡುತ್ತೀರಿ ಎಂಬುದೇ ಆಟ. ಉಳಿಸಿಟ್ಟರೆ ಬರಗೆಟ್ಟ ವರ್ಷಕ್ಕೆ ಆಗುತ್ತದೆ.

ಈ ಹೊಸ ಆಟ ಕೊಟ್ಟೂರಿನ ಮಿಲ್ಲಿನ ಜಗುಲಿಯಲ್ಲಿ ನಡೆಯಿತು. ಆ ಜಗುಲಿಯ ಹಿಂಡಿಯ ವಾಸನೆ ಇವತ್ತಿಗೂ ನನ್ನ ಮೂಗಿನಲ್ಲಿದೆ. ನಾಗಮ್ಮನನ್ನೂ ಕರೆಸಿದ್ದೆ, ಅವಳು ಬೇಡುವವರ ಜಾಗವಾದ ಬಾಗಿಲ ಬಳಿ ಕುಳಿತಳು. ಎಲ್ಲ ಸರಿಯಿತ್ತು, ಒಂದನ್ನು ಬಿಟ್ಟು. ಕಾಳು ತರುವುದನ್ನು ನಾನು ಮರೆತಿದ್ದೆ. ಮಿಲ್ಲಿನ ಆಳು ಒಂದು ಪುಟ್ಟಿ ಹುರಿದ ಶೇಂಗಾ ತಂದುಕೊಟ್ಟ. ಎಣ್ಣೆ ಮಿಲ್ಲಿನ ಸಾವ್ಕಾರನ ಮುಂದೆ ಬಿಸಿ ಶೇಂಗಾ ಇಟ್ಟು ಮುಟ್ಟಬೇಡಿ ಎನ್ನುವುದು ಎಂಥ ಮೂರ್ಖತನ ಎಂದು ಯಾರೂ ನನಗೆ ಹೇಳಲಿಲ್ಲ.

ಮೊದಲ ವರ್ಷ ಚೆನ್ನಾಗಿ ನಡೆಯಿತು. ಎರಡನೇ ವರ್ಷ ಕೊಟ್ರಬಸಪ್ಪನವರು ಯೋಚನೆಯಲ್ಲಿ ಮುಳುಗಿ, ಕಮಾನಿನ ಮೇಲೊಂದು ಕಾಳು ಇಟ್ಟು, ತೊಟ್ಟಿಯಿಂದ ಒಂದು ಎತ್ತಿ ಬಾಯಿಗೆ ಹಾಕಿಕೊಂಡರು. ಮೆಹಬೂಬ್ ಸಾಬರು ಸಂತೆಕಟ್ಟೆಯ ಕಡೆ ಕೈ ಚಾಚಿದರು. ನಾಲ್ಕನೇ ವರ್ಷಕ್ಕೆ ಬರುವ ಹೊತ್ತಿಗೆ ನೆಲದ ಮೇಲೆ ಕಾಳಿನ ಕೆಂಪು ಹೊಟ್ಟು ಮಾತ್ರ ಉಳಿದಿತ್ತು.

"ಸಾವ್ಕಾರ್ರ, ಹಾಸ್ಟೆಲ್ಲಿನ ಕಾಳು ಎಲ್ರಿ?"

ಅವರು ಅಗಿಯುವುದನ್ನು ನಿಲ್ಲಿಸಿದರು. "ಈಗ ಬಾಯಾಗ ಐತಲ್ಲೋ ಪಂಪ, ಅದ ಏನು?"

"ಅದ ರೀ. ಹುಡುಗೇರ ಊಟ ನೀವು ಉಂಡ್ರಿ."

ರುದ್ರಮ್ಮನವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಸಾಬರು, "ಉಪ್ಪು ಚಲೋ ಹತ್ತಿತ್ತು ಭಾಯ್, ತಪ್ಪು ಶೇಂಗಾದ್ದು" ಎಂದರು. ಕೊಟ್ರಬಸಪ್ಪನವರು ಮಾತ್ರ ಕುಗ್ಗದೆ ಪುಟ್ಟಿಯ ತಳದಲ್ಲಿ ಉಳಿದಿದ್ದ ನಾಲ್ಕು ಕಾಳನ್ನೂ ಕಮಾನಿನ ಮೇಲೆ ಸುರಿದರು. "ಕಮಾನು ಒಂದ್ಸಲ ಕಟ್ಟಿದ್ರ ನೂರು ವರ್ಷ ನಿಂದರತೈತಿ. ನೀವ ಹೇಳ್ತೀರಲ್ಲ, ಮುಂದಿಂದು ನೋಡ್ರಿ ಅಂತ, ನಾ ನೋಡೀನಿ. ಹುಡುಗೇರು ಒಂದು ವರ್ಷ ಹೊಂದಾಣಿಕಿ ಮಾಡಿಕೊಳ್ಳಲಿ."

ಬಾಗಿಲ ಬಳಿ ನಾಗಮ್ಮ ಎದ್ದು ಚಪ್ಪಲಿ ಮೆಟ್ಟಿಕೊಂಡಳು. ಅವಳಿಗೆ ಹರಪನಹಳ್ಳಿ ಬಸ್ಸು ಹಿಡಿಯಬೇಕಿತ್ತು. ಹೋಗುವಾಗ ನನಗೆ, "ನಿನ್ನ ಆಟ ಚಲೋ ಐತಪ್ಪ, ಉಪ್ಪು ಹದಾ ಐತಿ" ಎಂದಳು. ನಾನು ಎಷ್ಟೋ ಬೈಗುಳ ತಿಂದಿದ್ದೇನೆ, ಇದರಷ್ಟು ಸಣ್ಣದು, ಇದರಷ್ಟು ಚುಚ್ಚಿದ್ದು ಇನ್ನೊಂದಿಲ್ಲ.

ಮೇಡಂ ಇನ್ನು ಮುಂದೆ ಹುಣಸೆಬೀಜ ಎಂದು ಆಜ್ಞೆ ಮಾಡಿದರು. ಹುಣಸೆಬೀಜದಲ್ಲಿ ಎರಡು ಸಲ ಆಡಿಸಿದೆ. ಯಾರೂ ತಿನ್ನಲಿಲ್ಲ, ಯಾರೂ ನಗಲಿಲ್ಲ, ಯಾರಿಗೂ ಏನೂ ಅನ್ನಿಸಲೂ ಇಲ್ಲ. ಬೀಜ ಎಲ್ಲಿಟ್ಟರೇನು? ಮೂವರೂ ಪರೀಕ್ಷೆಗೆ ಕೂತ ಮಕ್ಕಳ ಹಾಗೆ ನನ್ನ ಮುಖ ನೋಡಿ, ನನಗೆ ಯಾವುದು ಇಷ್ಟವೋ ಅಲ್ಲಿ ಇಟ್ಟು, ಆಟ ಮುಗಿದ ತಕ್ಷಣ ಕಮಾನಿನ ನಕ್ಷೆ ತೆಗೆಯುತ್ತಿದ್ದರು. ಆಗ ನನಗೆ ಹೊಳೆಯಿತು. ಶೇಂಗಾ ತಿಂದಾಗ ಕೊಟ್ರಬಸಪ್ಪನವರಿಗೆ ಒಂದು ಕ್ಷಣವಾದರೂ ಮುಜುಗರವಾಗಿತ್ತು. ಆಸೆ ಹುಟ್ಟಿಸದ ವಸ್ತುವನ್ನು ಉಳಿಸುವುದು ಉಳಿಸಿದ ಹಾಗಲ್ಲ. ಮೇಡಂಗೆ ಹೇಳದೆ ಮತ್ತೆ ಶೇಂಗಾಕ್ಕೆ ಬಂದೆ, ಈ ಸಲ ಸಿಪ್ಪೆ ಸಮೇತ ಇಡೀ ಕಾಯಿ. ಒಡೆದರೆ ಸದ್ದು ಬರುತ್ತದಲ್ಲ!

ಕೊನೆಯ ಆಟ ಹಡಗಲಿಯಲ್ಲಿ, ರುದ್ರಮ್ಮನವರ ಅಂಗಳದಲ್ಲಿ. ಮರುವಾರ ಶಾಲೆ ಶುರು. ಅಂದೇ ಸಂಜೆ ಮೂವರೂ ಕಮಾನಿನ ಕಾಗದಕ್ಕೆ ಸಹಿ ಹಾಕುವವರಿದ್ದರು.

ಮಲ್ಲಿಗೆಯ ಖಾಲಿ ಬುಟ್ಟಿಗಳ ನಡುವೆ ಕಾಲು ಮಡಚಿ ಕುಳಿತು ಬಸ್ಸಿನಲ್ಲಿ ಬೆಳಿಗ್ಗೆಯೇ ಹೋದೆ. ಬೇವಿನ ಮರದ ಪಡುವಣದ ನೆರಳಿನಲ್ಲಿ ದಾನಿಗಳಿಗೆ ಚಾಪೆ, ಅವರ ಮುಂದೆ ಶೇಂಗಾಕಾಯಿಯ ಪುಟ್ಟಿ, ಪಕ್ಕದಲ್ಲಿ ಮೊದಲಿನ ಹಾಗೇ ಕಮಾನು, ತೊಟ್ಟಿ, ಸಂತೆಕಟ್ಟೆಯ ಮನೆಗಳು. ಮೂಡಣದ ಬಿಸಿಲಿನಲ್ಲಿ ಹಾಸ್ಟೆಲ್ ಹುಡುಗಿಯರ ಸಾಲು: ಎಂಟನೇ ತರಗತಿಯಿಂದ ನರ್ಸಿಂಗ್ ಕೊನೆಯ ವರ್ಷದವರೆಗೆ ಎಂಟು ಮನೆ. ಪ್ರತಿ ಹುಡುಗಿಗೆ ಬಣ್ಣದ ದಾರ ಕಟ್ಟಿದ ಒಂದು ಕಾಯಿ, ಒಂದು ಹೆಸರು. ಹುಡುಗಿಯರ ಪರವಾಗಿ ನಾಗಮ್ಮ ಆಡುವುದು, ದಾನಿಗಳು ದಾನಿಗಳಾಗಿ ಆಡುವುದು. ಮನೆ ದಾಟಲು ಪುಟ್ಟಿಯಿಂದ ಒಂದು ಕಾಯಿ ಬೇಕು. ಒಂದು ವರ್ಷ ಸಿಗದಿದ್ದರೆ ಹುಡುಗಿ ಆಟದಿಂದ ಹೊರಗೆ, ವಾಪಸು ಬರುವ ಹಾಗಿಲ್ಲ. ಅಷ್ಟು ಚೊಕ್ಕ ನಕ್ಷೆ ನಾನು ಅದುವರೆಗೆ ಬರೆದಿರಲಿಲ್ಲ.

ಒಂಬತ್ತು ಗಂಟೆಗೆ ಕರೆದವರು ಊಟ ಮುಗಿಸಿ ಬಂದರು. ಅಷ್ಟರಲ್ಲಿ ಸೂರ್ಯ ತಲೆ ದಾಟಿದ್ದ, ನೆರಳು ಮರದ ಆಚೆಗೆ ಹೊರಳಿತ್ತು. ಬೇಸಿಗೆಯ ಹಡಗಲಿಯಲ್ಲಿ ಮನುಷ್ಯ ಕೂರುವುದು ನೆರಳಿದ್ದ ಕಡೆ. ಕೊಟ್ರಬಸಪ್ಪನವರು ಹುಡುಗಿಯರ ಸಾಲಿನ ಹಿಂದೆ ಧಪ್ಪನೆ ಕುಳಿತರು. ಸಾಬರು, ರುದ್ರಮ್ಮನವರು ಪಕ್ಕದಲ್ಲೇ ಕುಳಿತರು.

"ಸಾವ್ಕಾರ್ರ, ನಿಮ್ಮ ಚಾಪಿ ಆ ಕಡಿ ಐತ್ರಿ."

"ಆ ಬಿಸಲಾಗ ನೀನ ಕುಂದ್ರಲೇ. ಊಟ ಮಾಡೀನಿ, ಏಳಂಗಿಲ್ಲ ನಾನು."

ಎಲ್ಲರಿಗಿಂತ ಕೊನೆಗೆ ಬಂದ ನಾಗಮ್ಮ ಉಳಿದ ಒಂದೇ ಜಾಗ ನೋಡಿ, ಸೆರಗು ತಲೆಗೆ ಹೊದ್ದು, ಬಿಸಿಲಿನ ಚಾಪೆಯ ಮೇಲೆ ಕುಳಿತಳು. ಅವಳ ಮುಂದೆ ದಾನದ ಪುಟ್ಟಿ. ದಾನಿಗಳ ಜೊತೆ ಬಂದಿದ್ದ ಸರೋಜಾ ಮೇಡಂ ನನ್ನನ್ನು ನೋಡಿದರು. ನಕ್ಷೆ ಅಳಿಸಿ ಬರೆಯಲು ಸೀಮೆಸುಣ್ಣವೂ ಉಳಿದಿರಲಿಲ್ಲ. ಕೆಮ್ಮಿ, ಗಂಟಲು ಸರಿಮಾಡಿಕೊಂಡು ಘೋಷಿಸಿದೆ: "ಇವತ್ತಿನ ಆಟ ಹಿಂಗ ಐತ್ರಿ. ನಾಗಮ್ಮ ಟ್ರಸ್ಟು. ನೀವು ಮೂವರೂ ಹುಡುಗೇರು."

"ಹುಡುಗೇರು!" ಸಾಬರು ಗಡ್ಡ ಸವರಿಕೊಂಡರು. "ನಡಿ, ನಂದು ಹಸರು ದಾರ."

ಕೆಂಪು ದಾರದ ಕಾಯಿ ಕೊಟ್ರಬಸಪ್ಪನವರಿಗೆ ಬಂತು. ಹೆಸರಿನ ಚೀಟಿ ಓದಿದರು: "ಹುಲಿಗೆಮ್ಮ, ಮಾಗಳ." ಅವಳ ಟ್ರಂಕು ನಾಗಮ್ಮನ ಪಡಸಾಲೆಯಲ್ಲಿ ಕಾಯುತ್ತಿದೆ, ಜೊತೆಗೆ ಇನ್ನೂ ಆರು ಹುಡುಗಿಯರು ಕಾಯುತ್ತಿದ್ದಾರೆ ಎಂದು ನಾನು ತಿಳಿಸಿದೆ.

"ನಾ ಹೆಂಗ ಆಡ್ಲೆಪಾ?" ಎಂದು ನಾಗಮ್ಮ ಕೇಳಿದಳು.

"ನಿನಗ ಬಂದಂಗ ಆಡಬೇ."

ಅವಳು ಕ್ಷಣ ಯೋಚಿಸಿದಳು. "ಬಂದಂಗೇನು, ನೋಡಿದಂಗ ಆಡ್ತೀನಿ."

ಮೊದಲ ವರ್ಷ ಅವಳು ಎದ್ದುನಿಂತು, ಮೂವರಿಗೂ ಒಂದೊಂದು ಕಾಯಿ ಕೊಟ್ಟು, ವಿದ್ಯೆಯ ಮಹತ್ವದ ಮೇಲೆ ಭಾಷಣ ಮಾಡಿದಳು. ಎರಡನೇ ವರ್ಷ ಕಾಯಿ ಕೊಡುವ ಮುಂಚೆ, "ದಾನಿಗಳು ಬಂದಾರ, ಸ್ವಾಗತ ಗೀತಿ ಹಾಡ್ರಿ" ಎಂದು ಕುಳಿತಳು. ಹಾಡದೆ ಕಾಯಿ ಇಲ್ಲ. ಎಣ್ಣೆ ಮಿಲ್ಲಿನ ಸಾವ್ಕಾರರು ಕೈಕಟ್ಟಿ ನಿಂತು ಪ್ರಾರ್ಥನೆ ಹಾಡಿದರು. ರುದ್ರಮ್ಮನವರ ಮನೆಯ ಎಮ್ಮೆ ಮೇವು ಬಿಟ್ಟು ನೋಡಿತು.

ಮೂರನೇ ವರ್ಷ ನಾಗಮ್ಮ ತಡಮಾಡಿ ಬಂದವಳಂತೆ ನಟಿಸಿ ಎರಡೇ ಕಾಯಿ ಕೊಟ್ಟಳು. ರುದ್ರಮ್ಮನವರ ಹುಡುಗಿ ಹತ್ತನೇ ತರಗತಿಯಲ್ಲಿ ಹೊರಬಿದ್ದಳು. "ಹೋಗ್ಲಿ ಬಿಡು, ಹೂವಾದ್ರೂ ಕಟ್ಟತೀನಿ" ಎಂದು ರುದ್ರಮ್ಮನವರು ನಕ್ಕರು, ಆದರೆ ಹೂವಿನ ದಾರ ಮುಟ್ಟಲಿಲ್ಲ. ಐದನೇ ವರ್ಷ ಪಿಯುಸಿ ಎರಡನೆಯದರಲ್ಲಿ ಸಾಬರು ಹೊರಬಿದ್ದರು. "ಯಾ ಅಲ್ಲಾ, ಗಣಿತ ಈಗ ತಿಳಿಯಾಕ ಹತ್ತಿತ್ತು!"

ಕೊಟ್ರಬಸಪ್ಪನವರಿಗೆ ಖುಷಿಯೋ ಖುಷಿ. "ನೋಡ್ರಲೇ, ನಾನೊಬ್ಬಾಕಿ ಉಳದೀನಿ. ಸೂಜಿ ಹಾಕಾಕ ಬರತೈತಿ ನನಗ. ಸಾಬ್ರ, ತೋಳು ತೋರಸ್ರಿ!" ಕೆಂಪು ದಾರ ಏಳನೇ ಮನೆಗೆ ಬಂದಿತ್ತು. ನರ್ಸಿಂಗ್ ಎರಡನೇ ವರ್ಷ.

ಏಳನೇ ವರ್ಷದ ಕವಡೆ ಚೆನ್ನಾಗಿ ಬಿತ್ತು. ಪುಟ್ಟಿ ತುಂಬಿತ್ತು. ನಾಗಮ್ಮ ಪುಟ್ಟಿಯನ್ನು ಎರಡೂ ಕೈಯಿಂದ ಎತ್ತಿ, ಅಷ್ಟೂ ಕಾಯಿಯನ್ನು ಕಮಾನಿನ ಮನೆಯ ಮೇಲೆ ಸುರಿದಳು.

"ಈ ವರ್ಷ ಊರಿಗೆ ಕಮಾನು ಕಟ್ಟಸ್ತೀವಿ. ನೂರು ವರ್ಷ ನಿಂದರತೈತಿ. ಹುಡುಗೇರು ಒಂದು ವರ್ಷ ಹೊಂದಾಣಿಕಿ ಮಾಡಿಕೊಳ್ಳಲಿ."

"ಏ ನಿಂದ್ರವ್ವ!" ಕೊಟ್ರಬಸಪ್ಪನವರು ಮಂಡಿಯ ಮೇಲೆ ಎದ್ದರು. "ನಾ ಎರಡನೇ ವರ್ಷ ಅದೀನಿ!"

"ಗೊತ್ತೈತ್ರಿ."

"ಇನ್ನೊಂದು ವರ್ಷ ದಾಟಿದ್ರ ಮುಗೀತು! ಏನು ತಪ್ಪು ಮಾಡೀನಿ ನಾನು? ಪಾಸಾಗಿಲ್ಲೇನು? ನೀ ಹಾಡಂದ್ರ ಹಾಡಿಲ್ಲೇನು? ಎಲ್ಲಿಗೆ ಹೋಗ್ಲಿ ಈಗ?"

"ಮಾಗಳಕ್ಕ ಬಸ್ಸೈತ್ರಿ."

"ಮದುವಿ ಮಾಡಿಕೊಂಡು ಬಿಡ್ರಿ ಸಾವ್ಕಾರ್ರ" ಎಂದರು ಸಾಬರು. ಯಾರೂ ನಗಲಿಲ್ಲ. ಸಾಬರೂ ನಗಲಿಲ್ಲ. ಕೊಟ್ರಬಸಪ್ಪನವರ ಮುಖ ಕೆಂಪಾಗಿತ್ತು. ಕೆಂಪು ದಾರದ ಕಾಯಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದರು. ದನಿ ಇಳಿಸಿ ಕೇಳಿದರು, "ಆವಾಗ ಹತ್ತನೇ ಕ್ಲಾಸಿನ್ಯಾಗ ವಾಪಸ್ ಹೋದ್ರಲ್ಲ, ಆ ಹುಡುಗೇರು ಏನಂದ್ರು?"

ನಾಗಮ್ಮ ಸೆರಗಿನಿಂದ ಬೆವರು ಒರೆಸಿಕೊಂಡಳು. "ಏನೂ ಅನ್ನಲಿಲ್ರಿ. ನಿಮ್ಮಂಗ ಜಗಳ ಮಾಡಿದ್ರ ಚಲೋ ಇತ್ತು."

ಇಲ್ಲೇ ನಾನು ಬಾಯಿ ತೆರೆದು ನೀತಿ ಹೇಳುವವನಿದ್ದೆ. ಮೇಡಂ ನನ್ನ ಕಾಲನ್ನು ಚಪ್ಪಲಿಯಿಂದ ತುಳಿದರು. ಹೊಸಬರು ನೆನಪಿಡಿ: ಆಟ ಕೆಲಸ ಮಾಡುವಾಗ ಆಡಿಸುವವನು ಬಾಯಿ ಮುಚ್ಚಿಕೊಂಡಿರಬೇಕು. ಕಾಲು ತುಳಿಯಲು ಒಬ್ಬರು ಪಕ್ಕದಲ್ಲಿರಬೇಕು.

ಕೊಟ್ರಬಸಪ್ಪನವರು ಕಾಯಿಯನ್ನು ಮನೆಗೆ ವಾಪಸು ಇಡಲಿಲ್ಲ, ಅಂಗಿಯ ಜೇಬಿಗೆ ಹಾಕಿಕೊಂಡರು. "ಆ ಟ್ರಂಕು ಒಳಗ ತಗೋ ನಾಗಮ್ಮ. ಎಂಟು ವರ್ಷ, ಏಳೂ ಹುಡುಗೇರು. ನನ್ನಿಂದ ಒಂದು ವರ್ಷ ಆಗಲಿಲ್ಲಂದ್ರ ಇವರಿಬ್ರೂ ಹೊರಬೇಕು. ಒಬ್ಬರಿಗೆ ಆಗಲಿಲ್ಲಂದ್ರ ಉಳದವರು ಹೊರಬೇಕು."

"ನಾ ಪಿಯುಸಿ ಫೇಲಾದಾಕಿ," ಎಂದರು ಸಾಬರು, "ನಂದೂ ಬರಕೋರಿ."

ರುದ್ರಮ್ಮನವರು ಕಮಾನಿನ ಕಾಗದವನ್ನು ಮಡಚಿ, ಒದ್ದೆ ಮಲ್ಲಿಗೆ ಬುಟ್ಟಿಯ ಕೆಳಗೆ ಇಟ್ಟರು. ನಾಗಮ್ಮ ಮೊದಲ ಬಾರಿಗೆ ಬಿಸಿಲಿನಿಂದ ಎದ್ದು ನೆರಳಿಗೆ ಬಂದು, ನೀರು ಕೇಳಿ ಕುಡಿದಳು.

ಹಿಂತಿರುಗುವ ಬಸ್ಸಿನಲ್ಲಿ ಮೇಡಂ ಕೇಳಿದರು, "ಪಂಪಾಪತಿ, ಇದು ಯೋಜನೇನಾ, ಆಕಸ್ಮಿಕಾನಾ?"

"ನೆರಳು ಮೇಡಂ" ಎಂದೆ. ಆ ಬಸ್ಸಿನಲ್ಲಿ ಅವರು ನಕ್ಕ ನಗು ನನ್ನ ಬಡ್ತಿಗಳಿಗಿಂತ ದೊಡ್ಡದು. ಬಡ್ತಿಗಳು ಇದ್ದದ್ದೇ ಕಡಿಮೆ ಎನ್ನುವುದು ಬೇರೆ ಮಾತು.

ಆಮೇಲೆ ಏನೇನೋ ಬಂತು. ಸೀಮೆಸುಣ್ಣ ಹೋಗಿ ಅಚ್ಚಾದ ಹಾಳೆ, ಹಾಳೆ ಹೋಗಿ ಗೋಡೆಯ ಮೇಲೆ ಬೆಳಕಿನ ಚಿತ್ರ. ಹುಡುಗಿಯರ ಸಾಲಿನಲ್ಲಿ ದಾನಿಗಳನ್ನು ಕೂರಿಸುವುದನ್ನು ಮಾತ್ರ ನಾನು ಎಲ್ಲೂ ಬಿಡಲಿಲ್ಲ. ಕೆಂಪು ದಾರದ ಕಾಯಿ ಮಿಲ್ಲಿನ ಗಲ್ಲೆಪೆಟ್ಟಿಗೆಯ ಮೂಲೆಯಲ್ಲಿ ಕುಳಿತಿತ್ತು. ಕಮಾನು ಕೇಳಲು ಯಾರಾದರೂ ಬಂದರೆ ಕೊಟ್ರಬಸಪ್ಪನವರು ಅದನ್ನು ಎತ್ತಿ ತೋರಿಸಿ, "ಈಗ ಆಗಂಗಿಲ್ರಿ, ನಂದು ಹತ್ತನೇ ಕ್ಲಾಸ್ ಪರೀಕ್ಷಿ ಐತಿ" ಎನ್ನುತ್ತಿದ್ದರು. ಬಂದವರು ಗಾಬರಿಯಿಂದ ಮನೆಯವರನ್ನು ವಿಚಾರಿಸಿಕೊಂಡು ಹೋಗುತ್ತಿದ್ದರು. ಪರದೇಶದ ಎಣ್ಣೆ ಅಗ್ಗವಾಗಿ ಬಂದು ಮಿಲ್ಲು ನಿಂತ ವರ್ಷ ಅವರು ತಲೆತಗ್ಗಿಸಿ ಕೂಡ್ಲಿಗಿಗೆ ಬಂದರು. ಆ ವರ್ಷವನ್ನು ಮಲ್ಲಿಗೆಯೂ ಲಾರಿ ಶೆಡ್ಡೂ ಹೊತ್ತವು. ನಾಗಮ್ಮನ ಬಾಗಿಲು ಮುಚ್ಚಲಿಲ್ಲ.

ಎಂಟನೇ ವರ್ಷದ ಫಲಿತಾಂಶ ಬಂದ ದಿನ ಸುದ್ದಿ ಹೇಳಲು ಕೊಟ್ಟೂರಿಗೆ ಓಡಿದೆ. ಹುಲಿಗೆಮ್ಮ ಪಾಸಾಗಿದ್ದಳು. ಮಿಲ್ಲಿನ ಜಗುಲಿಯಲ್ಲಿ ಕೊಟ್ರಬಸಪ್ಪನವರು ಒಬ್ಬರೇ ಕುಳಿತಿದ್ದರು, ಮುಂದೆ ಆ ಕಾಯಿ. ದಾರ ಬಿಳಿಚಿಕೊಂಡು ಯಾವ ಬಣ್ಣವೆಂದು ತಿಳಿಯುತ್ತಿರಲಿಲ್ಲ. ನಾಗಮ್ಮ ಆಗಲೇ ಫೋನು ಮಾಡಿದ್ದಳಂತೆ. ಕಾಯಿಯನ್ನು ಹೆಬ್ಬೆರಳಿನಿಂದ ಒತ್ತಿದರು. ಟಪ್ಪೆಂದಿತು. ಒಳಗೆ ಕಪ್ಪಗೆ ಸುಕ್ಕಾದ ಎರಡು ಕಾಳು.

"ಇಂಥದ್ದೊಂದು ಗಾಣಕ್ಕ ಬಿದ್ರ ಇಡೀ ಎಣ್ಣಿ ಕೆಡತೈತಿ" ಎಂದು, ಒಂದನ್ನು ಬಾಯಿಗೆ ಹಾಕಿಕೊಂಡರು.

"ಸಾವ್ಕಾರ್ರ, ಕಮಟು ಹತ್ತೈತಿ, ತಿನ್ನಬ್ಯಾಡ್ರಿ!"

"ಅವತ್ತು ಇದ ಜಗಲಿ ಮ್ಯಾಲ ಹುಡುಗೇರದು ತಿಂದಿದ್ದೆ. ಇವತ್ತು ನಂದು ನಾ ತಿಂತೀನಿ. ತಗೋ, ನಿಂದೂ ಒಂದೈತಿ."

ಬಾಯಿಗೆ ಹಾಕಿಕೊಂಡೆ. ಅಂಥ ಕಹಿ ನನ್ನ ಜನ್ಮದಲ್ಲಿ ಕಂಡಿಲ್ಲ. ಕಣ್ಣಲ್ಲಿ ನೀರು ಬಂತು. ಅವರ ಕಣ್ಣಲ್ಲೂ ಬಂದಿತ್ತು, ಕಹಿಗೇ ಇರಬೇಕು.

"ಹೆಂಗೈತಲೇ ಪಂಪ?"

"ಚಲೋ ಐತ್ರಿ. ಉಪ್ಪು ಒಂದು ಕಡಿಮಿ ಆಗೈತಿ."

ಇಬ್ಬರೂ ಉಗುಳಲಿಲ್ಲ. ಪೂರ್ತಿ ಅಗಿದು ನುಂಗಿದೆವು.